ಅಕ್ಕನ ಪ್ರಶ್ನೆ ಹೊತ್ತು ಸೈಪ್ರಸ್ಸಿಗೆ

ಸಿರುಗುಪ್ಪ

ಶ್ರಾವ್ಯಳ ಹಸಿರು ಲಂಗದ ಅಂಚಿನಲ್ಲಿ ಒಳಮಡಿಕೆ ಇರಲಿಲ್ಲ. ಬಟ್ಟೆ ಮುಗಿಯುವಲ್ಲಿ ಒಂದು ತೆಳು ಹೊಲಿಗೆ, ಅಷ್ಟೇ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಲಂಗಕ್ಕೆ ಒಳಗಿನಿಂದ ಮಡಿಕೆ ಹಿಡಿದು ಹೊಲಿಸುವುದು ರೂಢಿ. ಹುಡುಗಿ ಎತ್ತರವಾದ ಹಾಗೆ ಒಂದೊಂದೇ ಮಡಿಕೆ ಬಿಚ್ಚುತ್ತ ಹೋಗುತ್ತಾರೆ. ಬಿಚ್ಚಿದ ಕಡೆ ಬಿಸಿಲು ಕಾಣದ ಬಟ್ಟೆ ಹೊಸದಾಗಿ ಹೊಳೆಯುತ್ತದೆ. ನನ್ನ ಲಂಗಗಳೆಲ್ಲ ಹಾಗೆ ಪಟ್ಟೆಪಟ್ಟೆಯಾಗಿದ್ದವು, ಅಕ್ಕನವೂ.

ಹಗ್ಗದ ಮೇಲಿಂದ ಆ ಲಂಗ ತೆಗೆದು ಮಡಿಸುವಾಗ ಇದು ಕಣ್ಣಿಗೆ ಬಿತ್ತು. ಕೇಳಲಿಲ್ಲ. ನಾನು ಸಾಮಾನ್ಯವಾಗಿ ಕೇಳುವವಳಲ್ಲ.

ಸೈಪ್ರಸ್ಸಿನಲ್ಲೊಂದು ಸಭೆಗೆ ಹೊರಡುವ ಮುಂಚೆ ಅಕ್ಕನನ್ನು ನೋಡಿ ಬರಲು ಸಿರುಗುಪ್ಪಕ್ಕೆ ಹೋಗಿದ್ದೆ. ಬತ್ತದ ಮಿಲ್ಲುಗಳಿಂದ ಕುದಿಸಿದ ಅಕ್ಕಿಯ ಬೆಚ್ಚಗಿನ ವಾಸನೆ ಬರುತ್ತಿತ್ತು. ಆ ಊರಿನಲ್ಲಿ ಮಧ್ಯಾಹ್ನ ಯಾವಾಗಲೂ ಅರ್ಧ ಕನಸಿನಂತಿರುತ್ತದೆ. ಕಾಲುವೆಯ ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ.

ಶ್ರಾವ್ಯ ಅಕ್ಕನ ಮಗಳು, ಐದನೇ ಕ್ಲಾಸು. ಅವಳಿಗೆ ಥಲಸೀಮಿಯಾ ಇದೆ. ಅವಳ ದೇಹ ತನಗೆ ಬೇಕಾದಷ್ಟು ಒಳ್ಳೆಯ ರಕ್ತ ಮಾಡಿಕೊಳ್ಳಲಾರದು; ಹಾಗಾಗಿ ಕೆಲವು ವಾರಗಳಿಗೊಮ್ಮೆ ಬಳ್ಳಾರಿಯ ಆಸ್ಪತ್ರೆಗೆ ಬಂದು ಯಾರದೋ ರಕ್ತ ಏರಿಸಿಕೊಂಡು ಹೋಗುತ್ತಾಳೆ. ತಂದೆ ತಾಯಿ ಇಬ್ಬರಲ್ಲೂ ಆ ದೋಷದ ಒಂದೊಂದು ಪ್ರತಿ ಇದ್ದರೆ, ಎರಡೂ ಕೂಡಿ ಬಂದ ಮಗುವಿಗೆ ಹೀಗಾಗುತ್ತದೆ. ಒಂದೇ ಪ್ರತಿ ಇರುವವರಿಗೆ ಏನೂ ಆಗುವುದಿಲ್ಲ. ನನ್ನಲ್ಲೂ ಒಂದು ಇದೆ.

ಅಕ್ಕ ಮಗಳನ್ನು ಅಂಗಡಿಗೆ ಕಳಿಸಿ ಬಾಗಿಲು ಓರೆ ಮಾಡಿದಳು.

"ಲೇ, ನೀ ಹೊಂಟಿರೋ ಸಭ್ಯಾಗ ಭ್ರೂಣ ತಿದ್ದೋದರ ಬಗ್ಗೀನೇ ಅಲ್ಲೇನು ಮಾತು?"

"ಹೂಂ ಅಕ್ಕ. ತಿದ್ದಬೇಕೋ ಬ್ಯಾಡೋ ಅಂತ."

"ಬೇಕೋ ಬ್ಯಾಡೋ ಅವರು ಮಾತಾಡ್ಕೆಳ್ಳಲಿ. ನೀ ನಂದೊಂದು ಕೇಳ್ಕೆಂಡು ಬಾ." ಅವಳು ದನಿ ತಗ್ಗಿಸಿದಳು. "ಬೆಂಗಳೂರು ಡಾಕ್ಟ್ರು ಇನ್ನೊಂದು ಕೂಸು ಬೇಕಂದ್ರ ಆರಿಸಿ ಕೊಡ್ತೀವಿ ಅಂದ್ರು. ನಾಕಾರು ಭ್ರೂಣ ಮಾಡಿ, ಚಲೋದು ಇಟ್ಕೆಂಡು ಉಳಿದಿದ್ದು ತೆಗೀತಾರಂತ. ತೆಗ್ಯೋದು ಅಂದ್ರ ಯಾರನ್ನ? ಇಕಿಯಂಥಾಕಿನ್ನೇ ಅಲ್ಲೇನು? ಅದು ನನಗ ಬ್ಯಾಡ. ತಿದ್ದಿದ್ರ ಹಂಗಾಗಂಗಿಲ್ಲ. ಯಾರನ್ನೂ ಬಿಡಂಗಿಲ್ಲ, ಸರಿ ಮಾಡಿ ಇಟ್ಕೆಳ್ಳಾದು. ಅದು ಯಾವಾಗ ಬರ್ತತಿ, ನಮ್ಮಂಥೋರಿಗೆ ಸಿಗ್ತತೇನು, ಕೇಳು."

ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ವಂಶವಾಹಿಗಳ ಪಾಠ ಮಾಡುತ್ತೇನೆ. ಆರಿಸುವುದು, ತಿದ್ದುವುದು ಎರಡನ್ನೂ ಬೋರ್ಡಿನ ಮೇಲೆ ಎಷ್ಟೋ ಸಲ ಬರೆದು ಒರೆಸಿದ್ದೇನೆ. ಅವುಗಳ ನಡುವೆ ಹೀಗೊಂದು ವ್ಯತ್ಯಾಸವಿದೆ ಎಂದು ನನಗೆ ಹೊಳೆದಿರಲಿಲ್ಲ.

ಒಳಗೆ ಬಂದ ಅಕ್ಕನ ಗಂಡ, ನಮ್ಮ ಮಾವ, ಕೊನೆಯ ಮಾತು ಕೇಳಿಸಿಕೊಂಡ. ಅವನು ಮಿಲ್ಲುಗಳ ಮಿಶಿನ್ ರಿಪೇರಿ ಮಾಡುತ್ತಾನೆ. "ನಿಮ್ಮಕ್ಕ ನನ್ನ ಕೆಲಸ ನೋಡಿ ನೋಡಿ ಎಲ್ಲಾ ರಿಪೇರಿ ಆಗ್ತತಿ ಅಂದ್ಕೆಂಡಾಳ."

"ನೀವು ಕೈ ತೊಳ್ಕೆಳ್ರಿ ಮೊದ್ಲು," ಎಂದಳು ಅಕ್ಕ.

ಬಸ್ ಸ್ಟ್ಯಾಂಡಿಗೆ ಬಿಡಲು ಶ್ರಾವ್ಯ ಬಂದಿದ್ದಳು. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ಅವಳೂ ಒಂದು ಕೆಲಸ ಹೇಳಿದಳು.

"ಚಿಗವ್ವ, ಆ ಊರಾಗ ನನ್ನಂಥೋರು ಅದಾರೇನು ನೋಡ್ಕೆಂಡು ಬಾ. ಸಣ್ಣೋರಲ್ಲ. ದೊಡ್ಡೋರು."

ತೆಕ್ಕಲಕೋಟೆ ದಾಟುವ ತನಕ ಕಿಟಕಿಯಾಚೆ ಬತ್ತದ ಗದ್ದೆಗಳು ಒಂದರ ಹಿಂದೊಂದು ಸರಿಯುತ್ತಿದ್ದವು, ನಾನು ಯಾವುದನ್ನೂ ನೋಡಲಿಲ್ಲ.

ಬ್ರೂಸ್‌ಪೇಟೆ

ಅಪ್ಪನದು ಬ್ರೂಸ್‌ಪೇಟೆಯಲ್ಲಿ ಬೀಜದ ಅಂಗಡಿ. ಹತ್ತಿ, ಮೆಣಸಿನಕಾಯಿ, ಜೋಳ. ಅಂಗಡಿಯ ಎದುರಿನ ಓಣಿಯಲ್ಲಿ ಎರಡು ತಳ್ಳುಗಾಡಿ ಎದುರಾದರೆ ಒಂದು ಹಿಂದೆ ಸರಿಯಲೇಬೇಕು. ಯಾವುದು ಸರಿಯಬೇಕೆಂದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಜಗಳ ನಡೆಯುತ್ತದೆ. ಆ ಗದ್ದಲದ ನಡುವೆ ನಾನು ಹೋಗುವ ಸಭೆ ಎಂಥದೆಂದು ಅಪ್ಪನಿಗೆ ವಿವರಿಸಿದೆ. ಈ ರೋಗವಿರುವ ಮನೆಗಳವರನ್ನು ನಾನಾ ದೇಶಗಳಿಂದ ಕರೆಸಿದ್ದಾರೆ, ಖರ್ಚು ಅವರದೇ. ಹುಟ್ಟಲಿರುವ ಮಗುವಿನ ವಂಶವಾಹಿಯನ್ನು ಭ್ರೂಣದಲ್ಲೇ ತಿದ್ದುವುದು ಸರಿಯೇ ಎಂದು ಕೇಳುತ್ತಾರೆ.

ಅಪ್ಪ ಹೈಬ್ರಿಡ್ ಹತ್ತಿಬೀಜದ ಪೊಟ್ಟಣ ಒಂದನ್ನು ಅಂಗೈಯಲ್ಲಿ ತೂಗಿದರು.

"ನಮ್ಮದು ಒಂದು ಬೆಳಿಗೆ ಅಷ್ಟೇ. ಇದರಾಗ ಬಂದ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದ್ರ ಹಿಂಗೇ ಬರಂಗಿಲ್ಲ. ಕೆಟ್ಟದಾದ್ರ ರೈತ ನನ್ನನ್ನ ಬೈದು ಬ್ಯಾರೆ ಬೀಜ ಒಯ್ತಾನ. ನಿಮ್ಮೋರು ಮಾಡೋದು ಹೆಂಗ?"

"ಅದು ಮಕ್ಕಳಿಗೂ ಹೋಗ್ತತಿ ಅಪ್ಪ. ಮೊಮ್ಮಕ್ಕಳಿಗೂ."

"ಹಂಗಾರ ಬಯ್ಯಾಕ ಬರೋನು ಯಾರ ಅಂಗಡಿಗೆ ಬರಬೇಕು?"

ಅಷ್ಟರಲ್ಲಿ ಕೊಳಗಲ್ಲಿನ ಗಿರಾಕಿಯೊಬ್ಬರು ಬಂದು, ಮೆಣಸಿನ ಸಸಿಯ ಎಲೆಯೆಲ್ಲ ಮುಟುರಿಕೊಂಡಿದೆ ಎಂದು ಅಪ್ಪನನ್ನು ಬಯ್ಯಲು ಶುರು ಮಾಡಿದರು.

ಲಾರ್ನಾಕಾ

ಸಮುದ್ರದ ಮೇಲೆ ವಿಮಾನ ತಗ್ಗಿದಾಗ ಕೆಳಗೆ ಕಂದು ನೆಲ, ನಡುವೆ ಬೆಳ್ಳಗೆ ಒಂದು ಕೆರೆ. ಒಂದು ಕ್ಷಣ ನಮ್ಮ ಕಡೆಯ ಬಂಡೆಗುಡ್ಡಗಳೇ ನೀರಿಗೆ ಬಿದ್ದು ತೇಲುತ್ತಿವೆ ಅನ್ನಿಸಿತು.

ಕಸ್ಟಮ್ಸಿನ ಯುವಕ ನನ್ನ ಚೀಲ ಬಿಚ್ಚಿಸಿದ. ಕುರುಗೋಡಿನ ಅಜ್ಜಿ ಕೊಟ್ಟಿದ್ದ ಖಾರದ ಪುಡಿಯ ಗಂಟು ಅವನ ಕೈಗೆ ಬಂತು. ಇದೇನು ಎಂದ. ಮೆಣಸಿನಕಾಯಿ ಎಂದೆ. ನಂಬಿಕೆ ಬರದೆ ಗಂಟು ಸಡಿಲಿಸಿ ಮೂಗಿನ ಹತ್ತಿರ ತಂದ. ಆಮೇಲೆ ಬಹಳ ಹೊತ್ತು ಸೀನಿದ. ಅವನ ಪಕ್ಕದವಳು ನಕ್ಕಳು, ಪಕ್ಕದ ಸಾಲಿನವರು ನಕ್ಕರು. ಅವನು ಕಣ್ಣೊರೆಸಿಕೊಳ್ಳುತ್ತ ಹೋಗು ಎಂದು ಕೈ ಮಾಡಿದ. ನಾನು ನಗಲಿಲ್ಲ. ಹೊರಗೆ ಬಂದು ಒಂದು ಕಂಬದ ಹಿಂದೆ ನಿಂತು ನಕ್ಕೆ.

ನಿಕೋಸಿಯಾದ ಬಸ್ಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಬಸ್ಸುಗಳಲ್ಲಿ ಪಕ್ಕದಲ್ಲಿ ಕೂತವರು ಊರು, ಮನೆ, ಮದುವೆ ಎಲ್ಲ ಕೇಳಿ ಮುಗಿಸುವಷ್ಟರಲ್ಲಿ ಇಳಿಯುವ ಸ್ಟಾಪು ಬಂದಿರುತ್ತದೆ. ಅದು ನನಗೆ ಯಾವಾಗಲೂ ಹಿಂಸೆ. ಇಲ್ಲಿ ಆ ಹಿಂಸೆ ಇಲ್ಲದ್ದಕ್ಕೆ ಸಮಾಧಾನವಾಗಬೇಕಿತ್ತು. ಯಾರಾದರೂ ಕೇಳಲಿ ಅನ್ನಿಸುತ್ತಿತ್ತು.

ನಿಕೋಸಿಯಾ

ಫೆಬ್ರವರಿಯಲ್ಲಿ ಆ ಊರಿನ ಬೀದಿಮರಗಳ ತುಂಬ ಕಿತ್ತಳೆ. ಉದುರಿದವು ಚರಂಡಿಯ ಪಕ್ಕದಲ್ಲಿ ಉರುಳಿಕೊಂಡಿವೆ, ಯಾರೂ ಆರಿಸುತ್ತಿಲ್ಲ. ಇಷ್ಟು ಹಣ್ಣನ್ನು ನಮ್ಮಲ್ಲಿ ಮಂಗಗಳೂ ಬಿಡುತ್ತಿರಲಿಲ್ಲ ಅಂದುಕೊಂಡು, ಆಚೀಚೆ ನೋಡಿ, ಒಂದು ಕಿತ್ತು ಸುಲಿದು ಬಾಯಿಗಿಟ್ಟೆ. ಬೇವು ಅಗಿದಷ್ಟು ಕಹಿ. ಉಗುಳಲು ನಾಚಿಕೆಯಾಗಿ ಬಾಯಲ್ಲಿಟ್ಟುಕೊಂಡೇ ನಾನು ಇಳಿದುಕೊಳ್ಳಬೇಕಿದ್ದ ಮನೆಯ ಕರೆಗಂಟೆ ಒತ್ತಿದೆ.

ಬಾಗಿಲು ತೆರೆದ ಎಲೆನಿ ನನ್ನ ಮುಖ ನೋಡಿದ ಕೂಡಲೇ ವಿಷಯ ತಿಳಿದುಕೊಂಡರು. "ತಿಂದುಬಿಟ್ಟೆಯಾ? ಬಾ, ಅಡುಗೆಮನೆಯಲ್ಲಿ ಉಗುಳು. ಎಲ್ಲರೂ ಒಂದು ಸಲ ತಿನ್ನುತ್ತಾರೆ." ಅವರ ಇಂಗ್ಲಿಷು ನಿಧಾನ, ನನ್ನದೂ ನಿಧಾನ. ಈಗ ನೆನೆದರೆ ಆ ಮಾತುಗಳೆಲ್ಲ ನನ್ನೊಳಗೆ ಕನ್ನಡದಲ್ಲೇ ಕೇಳುತ್ತವೆ.

ಬಾಯಿ ತೊಳೆದು ಬಂದು ಕೂತಾಗ, ಒಂದು ಪುಟ್ಟ ತಟ್ಟೆಯಲ್ಲಿ ಚಮಚೆಯಷ್ಟು ಸಿಹಿ, ಪಕ್ಕದಲ್ಲಿ ಒಂದು ಲೋಟ ನೀರು ತಂದಿಟ್ಟರು. ಅದೇ ಕಹಿ ಕಿತ್ತಳೆಯ ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಕುದಿಸಿ ಮಾಡಿದ್ದು. ಮನೆಗೆ ಬಂದವರಿಗೆ ಮೊದಲು ಇದನ್ನೇ ಕೊಡುವುದಂತೆ. ಕುರುಗೋಡಿನಲ್ಲಿ ಅಜ್ಜಿ ಬೆಲ್ಲದ ಉಂಡೆ, ತಂಬಿಗೆಯ ನೀರು ಇಡುವುದು ನೆನಪಾಯಿತು. ದೇಶ ಬಿಟ್ಟು ಬಂದು ಅದೇ ಪಡಸಾಲೆಯಲ್ಲಿ ಕೂತ ಹಾಗೆ.

ಆಮೇಲೆ ಕಾಫಿ ಬಂತು. ಕಪ್ಪು, ಗಟ್ಟಿ, ಬೆರಳುದ್ದದ ಬಟ್ಟಲು. ಕೊಟ್ಟದ್ದನ್ನು ಉಳಿಸಬಾರದೆಂಬ ಮನೆಯ ಪಾಠದಂತೆ ತಳದ ಗಸಿಯನ್ನೂ ಬಿಡದೆ ಕುಡಿದೆ. ಮಣ್ಣು ನುಂಗಿದ ಹಾಗಾಯಿತು. ಎಲೆನಿ ಬಟ್ಟಲಿನೊಳಗೆ ಇಣುಕಿ ನೋಡಿ ಕೈ ಎತ್ತಿದರು.

"ಏನು ಹುಡುಗಿ ನೀನು! ಗಸಿ ನೋಡಿ ಭವಿಷ್ಯ ಹೇಳುತ್ತೇವೆ ನಾವು. ನೀನು ನಿನ್ನ ಭವಿಷ್ಯವನ್ನೇ ಕುಡಿದುಬಿಟ್ಟೆ."

ಎಲೆನಿ ನಿವೃತ್ತ ಭೂಗೋಳದ ಟೀಚರು. ಗಿಡ್ಡ ದೇಹ, ಅಗಲ ಕೆನ್ನೆ, ತುಟಿಗೆ ಕೆಂಪು ಬಣ್ಣ. ಕಪ್ಪು ಹಚ್ಚಿದ ಕೂದಲಿನ ಬುಡದಲ್ಲಿ ಬೆಳ್ಳಗಿನ ಗೆರೆ. ಸಭೆಗೆ ಬಂದವರನ್ನು ಮನೆಯಲ್ಲಿ ಇಳಿಸಿಕೊಳ್ಳಲು ಒಪ್ಪಿದವರಲ್ಲಿ ಒಬ್ಬರು, ಅಷ್ಟೇ ನನಗೆ ಗೊತ್ತಿದ್ದದ್ದು. ಮರುದಿನ ತಿಂಡಿ ಮುಗಿಸಿ ಅವರು ಕೋಟು ಹಾಕಿಕೊಂಡು, "ನಾನು ಪೆಟ್ರೋಲು ಹಾಕಿಸಿಕೊಂಡು ಬರುತ್ತೇನೆ," ಎಂದರು. ಅವರ ಹತ್ತಿರ ಕಾರೇ ಇರಲಿಲ್ಲ. ಅವರು ತೋಳಿನ ಬಟ್ಟೆ ಮೇಲೆ ಸರಿಸಿ ಮೊಣಕೈ ಒಳಬದಿಯ ಸೂಜಿಗಾಯಗಳನ್ನು ತೋರಿಸಿದರು. ಹಳೆಯವು, ಹೊಸವು, ಒಂದರ ಮೇಲೊಂದು.

ನಮ್ಮ ಮಾವ ಇದನ್ನು ಚಾರ್ಜಿಂಗ್ ಅನ್ನುತ್ತಾನೆ. ಶ್ರಾವ್ಯಳ ಮುಖ ಬಿಳಿಚಿದರೆ, "ಬ್ಯಾಟರಿ ಇಳದೈತಿ, ಚಾರ್ಜಿಗೆ ಹೋಗಾಕ ಬೇಕು."

"ನಿಮಗೂ?" ಎಂದೆ.

"ಹುಟ್ಟಿದಾಗಿನಿಂದ," ಎಂದರು ಎಲೆನಿ. "ಹತ್ತು ವರ್ಷ ದಾಟುವುದಿಲ್ಲ ಅಂದಿದ್ದರು. ಆಮೇಲೆ ಇಪ್ಪತ್ತು ಅಂದರು. ಹಾಗೆ ಹೇಳಿದ ಡಾಕ್ಟರುಗಳೆಲ್ಲ ಈಗ ಹೋಗಿಬಿಟ್ಟಿದ್ದಾರೆ, ಪಾಪ." ಕನ್ನಡಿಯಲ್ಲಿ ತುಟಿ ಸರಿಮಾಡಿಕೊಂಡು ಹೊರಟರು.

ಅವರು ಹೋದ ಮೇಲೆ ಊರು ಸುತ್ತಿದೆ. ಹಳೆಯ ಬೀದಿಯೊಂದರ ತುದಿಯಲ್ಲಿ ತುಕ್ಕು ಹಿಡಿದ ಪೀಪಾಯಿಗಳ ಗೋಡೆ, ಜಗಳದಲ್ಲಿ ಎರಡು ಹೋಳಾದ ಊರಿನ ಗಡಿ. ಅದರಾಚೆ ಜನವಿಲ್ಲದ ಮನೆಗಳು, ಕಿಟಕಿಯೊಳಗಿಂದ ಬೆಳೆದ ಅಂಜೂರದ ಗಿಡ. ಇನ್ನೂ ಆಚೆ ಇನ್ನೊಂದು ಭಾಷೆಯ ಅದೇ ಊರು. ಬೆಕ್ಕುಗಳು ಮಾತ್ರ ಎರಡೂ ಕಡೆ ಓಡಾಡುತ್ತಿದ್ದವು. ಸಂಜೆ ಎಲೆನಿ ಹೇಳಿದರು, ಗೋಡೆಯ ಎರಡೂ ಬದಿಯ ಜನರಲ್ಲಿ ಈ ಕಾಯಿಲೆ ಒಂದೇ ಎಂದು. ಮಲೇರಿಯಾ ಇದ್ದ ಸೀಮೆಗಳಲ್ಲೆಲ್ಲ ಇದು ಹೀಗೆ ಹಬ್ಬಿದೆ, ಯಾಕೆಂದರೆ ಒಂದು ಪ್ರತಿ ಇದ್ದವರನ್ನು ಅದು ಮಲೇರಿಯಾದಿಂದ ಕಾಪಾಡುತ್ತಿತ್ತು. ಇದು ನಾನು ಪಾಠ ಮಾಡುವ ವಿಷಯವೇ. ಆದರೆ ಆ ಸಂಜೆ, ಮುಖಕ್ಕೆ ಬಣ್ಣ ಮರಳಿದ್ದ ಎಲೆನಿಯ ಎದುರು ಕೂತಾಗ, ಸೊಳ್ಳೆ ಗುಂಯ್ಗುಡುವ ಯಾವುದೋ ಹಳೆಯ ರಾತ್ರಿಯಲ್ಲಿ ಜ್ವರ ಬಾರದೆ ಉಳಿದುಕೊಂಡ ನಮ್ಮ ಮುತ್ತಜ್ಜಿಯೊಬ್ಬಳು ಕಣ್ಣಿಗೆ ಕಟ್ಟಿದಳು. ಅವಳು ಉಳಿದದ್ದಕ್ಕೆ ನಾವೆಲ್ಲ ಇದ್ದೇವೆ. ನಾವು ತಿದ್ದಬೇಕೆನ್ನುವ ತಪ್ಪು ಅವಳಿಗೆ ತಪ್ಪಾಗಿರಲಿಲ್ಲ.

ಸಭೆ

ಮೊದಲು ಎಲ್ಲರೂ ತಮ್ಮ ವಂಶವೃಕ್ಷ ಬರೆದು ಗೋಡೆಗೆ ಅಂಟಿಸಬೇಕಿತ್ತು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ರೋಗವಿದ್ದವರಿಗೆ ಕಪ್ಪು ತುಂಬುವುದು. ಇದು ನಾನು ದಿನಾ ಮಾಡಿಸುವ ಕೆಲಸ. ನೀಟಾಗಿ ಬರೆದು ಅಂಟಿಸಿದೆ.

ನಡೆಸಿಕೊಡುತ್ತಿದ್ದ ಡಾಕ್ಟರಮ್ಮ ನನ್ನ ಹಾಳೆಯ ಮುಂದೆ ನಿಂತರು. "ಇಲ್ಲಿ ಒಂದು ಗೆರೆ ತಪ್ಪಿದೆ. ನಿಮ್ಮ ಅಕ್ಕನ ಗಂಡನನ್ನು ನಿಮ್ಮ ತಾಯಿಯ ಸಾಲಿಗೆ ಸೇರಿಸಿಬಿಟ್ಟಿದ್ದೀರಿ."

"ತಪ್ಪಿಲ್ಲ. ಅವನು ನನ್ನ ತಾಯಿಯ ತಮ್ಮ."

ಎಲ್ಲರೂ ತಮ್ಮ ತಮ್ಮ ಹಾಳೆಗಳತ್ತ ತಿರುಗಿಕೊಂಡರು, ಆ ಸೌಜನ್ಯವೇ ಹೆಚ್ಚು ಚುಚ್ಚಿತು. ನಾನು ವಿವರಿಸಿದೆ: ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ಹಳೆಯ ಪದ್ಧತಿ. ನನ್ನ ಅಜ್ಜಿ ನನ್ನ ಅಕ್ಕನಿಗೆ ಅತ್ತೆಯೂ ಹೌದು. ಶ್ರಾವ್ಯ ನನಗೆ ಅಕ್ಕನ ಮಗಳು, ಮಾವನ ಮಗಳೂ ಹೌದು. ಮದುವೆಯಾದ ಮೇಲೂ ನಾನು ಅವನನ್ನು ಭಾವ ಅನ್ನಲಿಲ್ಲ, ಮಾವ ಅಂತಲೇ ಕರೆಯುತ್ತೇನೆ.

ಎಲೆನಿ ನನ್ನ ಹಿಂದಿನ ಕುರ್ಚಿಯಲ್ಲಿದ್ದರು. "ನಮ್ಮಲ್ಲಿ ಮದುವೆಗೆ ಮೊದಲು ಚರ್ಚಿನವರು ರಕ್ತಪರೀಕ್ಷೆ ಮಾಡಿಸಿದ ಪತ್ರ ಕೇಳುತ್ತಾರೆ," ಎಂದರು. "ಫಲಿತಾಂಶ ಏನೆಂದು ಕೇಳುವುದಿಲ್ಲ, ಮಾಡಿಸಿದರೆ ಸಾಕು. ನಿಮ್ಮಲ್ಲಿ ಏನು ನೋಡುತ್ತಾರೆ?"

"ಜಾತಕ."

"ನಿಮ್ಮ ಅಕ್ಕನದು ಕೂಡಿಬಂದಿತ್ತೇ?"

ಅಕ್ಕನ ಮದುವೆಯಲ್ಲಿ ಜಾತಕವನ್ನೂ ನೋಡಿರಲಿಲ್ಲ. ಹೊರಗಿನ ಸಂಬಂಧವಾದರೆ ಎಲ್ಲ ನೋಡುತ್ತಾರೆ: ಕುಲ, ಗುಣ, ಮನೆತನದಲ್ಲಿ ಯಾರಿಗೆ ಏನು ರೋಗವಿತ್ತು ಎಂಬುದನ್ನೂ ಮೂರನೆಯವರಿಂದ ವಿಚಾರಿಸುತ್ತಾರೆ. ಒಳಗಿನ ಸಂಬಂಧಕ್ಕೆ ಏನೂ ನೋಡುವುದಿಲ್ಲ. "ನಮ್ಮ ಹುಡುಗಿ ನಮ್ಮ ಮನ್ಯಾಗೇ ಇರ್ತಾಳ, ಅದರಾಗ ಕೇಳೋದೇನೈತಿ," ಎಂದಿದ್ದಳು ಅಮ್ಮ. ಪ್ರೀತಿಯಿಂದಲೇ ಅಂದಿದ್ದಳು. ನಮ್ಮವರೆಂಬ ಒಂದೇ ಕಾರಣಕ್ಕೆ, ಯಾವುದನ್ನು ಎಲ್ಲರಿಗಿಂತ ಮೊದಲು ಕೇಳಬೇಕಿತ್ತೋ ಅದನ್ನು ಯಾರೂ ಕೇಳಲಿಲ್ಲ.

ಮಾತು ಮುಂದೆ ಹೋಯಿತು. ಸಾರ್ಡೀನಿಯಾದಿಂದ ಬಂದಿದ್ದ ಒಬ್ಬ ತಂದೆ ಎದ್ದು ನಿಂತರು. ಅವರ ಮಗ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದ. "ಬೆಂಕಿ ಬಿದ್ದ ಮನೆಯ ಮುಂದೆ ನೀರು ಹಿಡಿದು ನಿಂತು, ಹಾಕಬಹುದೋ ಇಲ್ಲವೋ ಎಂದು ಸಭೆ ಮಾಡುತ್ತೀರಿ," ಎಂದರು. "ನನ್ನ ಮಗನನ್ನು ಕೇಳಿದ್ದರೆ ತಿದ್ದಿ ಅನ್ನುತ್ತಿದ್ದ."

ಎಲೆನಿ ನಿಧಾನವಾಗಿ ಉತ್ತರಿಸಿದರು. "ನನ್ನನ್ನು ಹದಿಮೂರನೇ ವಯಸ್ಸಿನಲ್ಲಿ ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಮೂವತ್ತರಲ್ಲಿ ಕೇಳಿದ್ದರೆ ಜಗಳಕ್ಕೆ ಬರುತ್ತಿದ್ದೆ. ಈಗ ಕೇಳಿದರೆ ಊಟವಾದ ಮೇಲೆ ಹೇಳುತ್ತೇನೆ ಅಂತೀನಿ." ಆ ತಂದೆಯೂ ನಕ್ಕರು. ಎಲೆನಿ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ನನ್ನ ಸರದಿ ಬಂದಾಗ ನಾನು ಬರೆದುಕೊಂಡು ಬಂದದ್ದನ್ನು ಬಿಟ್ಟು ಅಕ್ಕನ ಮಾತನ್ನೇ ಹೇಳಿದೆ. ಆರಿಸಿದರೆ ಶ್ರಾವ್ಯಳಂಥವಳನ್ನು ತೆಗೆದ ಹಾಗೆ, ತಿದ್ದಿದರೆ ಇಟ್ಟುಕೊಂಡ ಹಾಗೆ. ಅಪ್ಪನ ಮಾತನ್ನೂ ಹೇಳಿದೆ, ಬಯ್ಯಲು ಬರುವವನು ಯಾರ ಅಂಗಡಿಗೆ ಬರಬೇಕು ಎಂದು.

ಡಾಕ್ಟರಮ್ಮ ನನ್ನ ಹತ್ತಿರದ ಕುರ್ಚಿಗೆ ಬಂದು ಕೂತರು.

"ನಿಮ್ಮ ತಂದೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಇದಕ್ಕಾಗಿಯೇ ಹೆಚ್ಚಿನ ದೇಶಗಳು ಭ್ರೂಣ ತಿದ್ದಲು ಅನುಮತಿ ಕೊಡುತ್ತಿಲ್ಲ. ಒಬ್ಬ ಬೆಳೆದ ಮನುಷ್ಯನ ರಕ್ತಕಣ ತಿದ್ದಿದರೆ ಅದು ಅವನಲ್ಲೇ ಮುಗಿಯುತ್ತದೆ, ಅವನನ್ನು ಕೇಳಿಯೂ ಮಾಡಬಹುದು. ಭ್ರೂಣದಲ್ಲಿ ತಿದ್ದಿದ್ದು ಇನ್ನೂ ಹುಟ್ಟದವರ ಮೊಮ್ಮಕ್ಕಳಿಗೂ ಹೋಗುತ್ತದೆ." ಆಮೇಲೆ ದನಿ ಮೆತ್ತಗಾಯಿತು. "ನಿಮ್ಮ ಅಕ್ಕನ ಮಾತಿಗೆ ಉತ್ತರವಿದೆ, ಆದರೆ ಅವರಿಗೆ ಇಷ್ಟವಾಗಲಾರದು. ತಿದ್ದಲೂ ಅಷ್ಟೇ ಭ್ರೂಣಗಳನ್ನು ಮಾಡಬೇಕು. ಯಾವುದರಲ್ಲಿ ರೋಗವಿದೆಯೆಂದು ನೋಡಬೇಕು. ನೋಡಿದರೆ ನಾಲ್ಕರಲ್ಲಿ ಮೂರು ಪಾಲು ರೋಗವಿಲ್ಲದವೇ ಇರುತ್ತವೆ. ಅವನ್ನೆಲ್ಲ ಬದಿಗಿಟ್ಟು ರೋಗದ್ದನ್ನೇ ತಿದ್ದಿದಿರಿ ಅನ್ನಿ. ಬದಿಗಿಟ್ಟವನ್ನು ಏನು ಮಾಡುತ್ತೀರಿ? ತಿದ್ದಿದ್ದು ಸರಿಯಾಗಿ ಕೂಡದಿದ್ದರೆ ಅದನ್ನೇನು ಮಾಡುತ್ತೀರಿ? ಯಾರನ್ನೂ ಬಿಡದೆ ಮಾಡುವ ದಾರಿ ಇದಲ್ಲ."

ನಾನು ಅದನ್ನು ಮೊದಲೇ ಅರಿತಿರಬೇಕಿತ್ತು. ಒಳಗೆಲ್ಲೋ ಅರಿತೂ ಇದ್ದೆನೇನೋ. ಅಕ್ಕನ ದನಿಯಲ್ಲಿ ಕೇಳಿದ್ದರಿಂದ ನಿಜವಾಗಿರಲಿ ಅಂದುಕೊಂಡಿದ್ದೆ.

ಉಪ್ಪಿನ ಕೆರೆ

ವಾಪಸು ಹೊರಡುವ ದಿನ ಎಲೆನಿ ನನ್ನ ಜೊತೆ ಲಾರ್ನಾಕಾಕ್ಕೆ ಬಂದರು. ವಿಮಾನಕ್ಕೆ ಹೊತ್ತಿತ್ತು. ಬರುವಾಗ ಮೇಲಿನಿಂದ ಕಂಡಿದ್ದ ಬಿಳಿ ಕೆರೆಯ ದಂಡೆಯಲ್ಲಿ ನಡೆದೆವು. ಮಂಜಿನಲ್ಲಿ ನೀರೂ ಆಕಾಶವೂ ಒಂದೇ ಬಣ್ಣವಾಗಿದ್ದವು. ಅವೆರಡರ ನಡುವೆ, ಯಾವುದಕ್ಕೂ ತಗುಲಿಕೊಳ್ಳದೆ, ಗುಲಾಬಿ ಗೆರೆಯೊಂದು ಅಲುಗುತ್ತಿತ್ತು. ರಾಜಹಂಸಗಳು. ಒಂಟಿ ಕಾಲಿನ ಮೇಲೆ ನಿಂತು ನಿದ್ದೆಹೋಗಿರುವಂತೆ ಕಂಡವು.

"ಹುಟ್ಟುವಾಗ ಬೂದಿ ಬಣ್ಣದಲ್ಲಿರುತ್ತವೆ," ಎಂದರು ಎಲೆನಿ, ಟೀಚರ ದನಿಯಲ್ಲಿ. "ತಿನ್ನುತ್ತ ತಿನ್ನುತ್ತ ಗುಲಾಬಿಯಾಗುತ್ತವೆ."

ಬೆಂಚಿನ ಮೇಲೆ ಕೂತೆವು. ಎಲೆನಿ ತಾವು ರಕ್ತ ಏರಿಸಿಕೊಳ್ಳುವ ವಾರ್ಡಿನ ಬಗ್ಗೆ ಹೇಳಿದರು. ಒಂದು ಕಾಲದಲ್ಲಿ ಅಲ್ಲಿ ಮಕ್ಕಳ ಗದ್ದಲವೋ ಗದ್ದಲ; ಬಾಟಲಿ ನೇತುಹಾಕಿದ ಕಂಬಗಳನ್ನು ತಳ್ಳಿಕೊಂಡೇ ಓಟದ ಪಂದ್ಯ ಕಟ್ಟುತ್ತಿದ್ದರಂತೆ. ಈಗ ಬರುವವರೆಲ್ಲ ಕನ್ನಡಕದವರು, ಮೊಣಕಾಲು ನೋವಿನವರು. ಮಕ್ಕಳ ಕೋಣೆಯಲ್ಲಿ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ.

"ಒಳ್ಳೆಯದೇ ಆಯಿತಲ್ಲ?" ಎಂದೆ.

"ಒಳ್ಳೆಯದೇ. ಬೇರೆ ಮಗುವಿಗೆ ಆ ಸೂಜಿ ಬೇಡ. ನಾನೇ ಶಾಲೆಗಳಿಗೆ ಹೋಗಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿಬಂದವಳು." ಅವರು ಕೆರೆಯನ್ನು ನೋಡುತ್ತಿದ್ದರು. "ಆದರೂ ಆ ಕೋಣೆಯ ಮುಂದೆ ಹೋಗುವಾಗ ಒಂದು ಸಲ ನಿಲ್ಲುತ್ತೇನೆ. ನಮ್ಮ ಭಾಷೆ ಆಡುವವರು ಕಡಿಮೆಯಾದ ಹಾಗೆ. ಎರಡೂ ನಿಜ, ಏನು ಮಾಡುವುದು."

ಶ್ರಾವ್ಯ ಹೇಳಿದ ಕೆಲಸ ಆಗ ಹೇಳಿದೆ. ನನ್ನಂಥ ದೊಡ್ಡವರು ಇದ್ದಾರಾ ನೋಡಿಕೊಂಡು ಬಾ ಎಂದಿದ್ದಾಳೆ ಎಂದು. ಎಲೆನಿ ನೆಟ್ಟಗೆ ಕೂತರು. ಚೀಲದಿಂದ ಬಣ್ಣದ ಕಡ್ಡಿ ತೆಗೆದು ತುಟಿಗೆ ಇನ್ನೊಮ್ಮೆ ಹಚ್ಚಿಕೊಂಡರು. ಕೂದಲನ್ನು ಮಾತ್ರ ಗಾಳಿಗೆ ಬಿಟ್ಟರು.

"ಫೋಟೋ ತೆಗೆ. ಹತ್ತಿರದಿಂದ."

ತೆಗೆದೆ.

"ಬುಡದ ಬಿಳಿ ಕಾಣುತ್ತದಾ?"

"ಕಾಣುತ್ತದೆ. ಇನ್ನೊಂದು ತೆಗೆಯಲೇ?"

"ಬೇಡ. ಕಾಣಲಿ."

ಕುರುಗೋಡು

ನಾನು ಬರುವ ಹೊತ್ತಿಗೆ ಅಕ್ಕ, ಮಾವ, ಶ್ರಾವ್ಯ ಕುರುಗೋಡಿನ ಅಜ್ಜಿಯ ಮನೆಯಲ್ಲಿದ್ದರು. ಮೆಣಸಿನಕಾಯಿ ಒಣಗಿಸುವ ಕಾಲ. ಮಾಳಿಗೆಯ ತುಂಬ ಕೆಂಪು ಹಾಸಿತ್ತು. ಬಂಡೆಗುಡ್ಡದ ಮೇಲಿಂದ ಗಾಳಿ ಇಳಿದಾಗಲೆಲ್ಲ ಊರಿಗೆ ಊರೇ ಸಣ್ಣಗೆ ಕೆಮ್ಮುತ್ತಿತ್ತು. ಕಸ್ಟಮ್ಸಿನವನು ಸೀನಿದ ಕಥೆ ಹೇಳಿದಾಗ ಅಜ್ಜಿ ನಗಲಿಲ್ಲ. "ನೀ ಮೊದ್ಲೇ ಹೇಳಬೇಕಿಲ್ಲೇನು, ಪಾಪ, ಯಾರ ಮಗನೋ," ಎಂದು ನನ್ನನ್ನೇ ಬೈದಳು.

ಸಂಜೆ ಬಿಸಿಲಿನಲ್ಲಿ ಅಕ್ಕ ಮಾಳಿಗೆಯ ಮೇಲೆ ಕಾಯಿ ತಿರುವಿ ಹಾಕುತ್ತಿದ್ದಳು. ನಾನೂ ಕೂತೆ.

"ಏನಂದ್ರು?"

ಕೈಯಲ್ಲಿದ್ದ ಕಾಯಿ ಕೆಳಗಿಟ್ಟೆ.

"ತಿದ್ದಾಕೂ ಆರಿಸ್ಲೇಬೇಕಂತ ಅಕ್ಕ. ಎಲ್ಲಾರ್ನೂ ಇಟ್ಕೆಳ್ಳಾಕ ಬರಂಗಿಲ್ಲಂತ. ಮತ್ತ, ಅದನ್ನ ಈಗ ಯಾರೂ ಮಾಡಂಗಿಲ್ಲ. ಮಾಡಬಾರದು ಅಂತ ನನಗೂ ಅನ್ನಿಸ್ತು."

"ಯಾಕ?"

"ಆ ಕೂಸಿನ್ನ ಕೇಳಾಕ ಬರಂಗಿಲ್ಲ. ಅದರ ಕೂಸಿನ್ನೂ."

"ಇಕಿನ್ನ ನಾ ಕೇಳಿದ್ನೇನು, ಹಡ್ಯಾಕ?" ಅಕ್ಕನ ದನಿ ಏರಿತು. ಅವಳು ಕಾಯಿಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತಿರುವಿದಳು. ಇಬ್ಬರಿಗೂ ಕೆಮ್ಮು ಬಂತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಇಬ್ಬರಿಗೂ ಒಂದು ನೆಪ ಸಿಕ್ಕಿತು.

ಆಗ ಶ್ರಾವ್ಯ ಮೆಟ್ಟಿಲು ಹತ್ತಿ ಬಂದಳು. "ಚಿಗವ್ವ, ನಂದು?"

ಫೋನು ತೆಗೆದು ಕೊಟ್ಟೆ. ಅವಳು ತೆರೆಯನ್ನು ಮುಖದ ಹತ್ತಿರ ಹಿಡಿದುಕೊಂಡಳು. "ಯಾರಿಕಿ?"

"ನಾ ಇಳಕೊಂಡಿದ್ದ ಮನ್ಯಾಕಿ. ಎಲೆನಿ ಅಂತ. ನಿನ್ನಂಗೇ ರಕ್ತ ಹಾಕಿಸ್ಕೆಂತಾಳ."

"ಈಗೂ?"

"ಈಗೂ. ಪೆಟ್ರೋಲು ಅಂತಾಳ ಅದಕ್ಕ."

"ನಮ್ಮದು ಚಾರ್ಜು, ಇಕಿದು ಪೆಟ್ರೋಲು. ಹಳೇ ಗಾಡಿ!" ಎಂದು ಶ್ರಾವ್ಯ ನಕ್ಕಳು. ಅಪ್ಪನಿಗೆ ಹೇಳಲು ಕೆಳಗೆ ಓಡಿದಳು.

ಫೋನು ಅಕ್ಕನ ಕೈಗೆ ಬಂದಿತ್ತು. ಬೆರಳಿನ ಖಾರವನ್ನು ಸೆರಗಿಗೆ ಒರೆಸಿಕೊಂಡು ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಮುಖ ದಾಟಿ, ಕೆಂಪು ತುಟಿ ದಾಟಿ, ಹಣೆಯ ಮೇಲಕ್ಕೆ ಹೋದಳು. ಅಲ್ಲಿ ನಿಂತಳು.

"ಕೂದಲಕ್ಕ ಬಣ್ಣ ಹಚ್ಯಾಳೇನು?"

"ಹೂಂ."

"ಬೆಳ್ಳಗಾಗ್ಯಾವು ಹಂಗಾರ."

"ಪೂರಾ ಬೆಳ್ಳಗಾಗ್ಯಾವು. ಸಾಲಿ ಟೀಚರಾಗಿ ರಿಟೈರ್ ಆಗ್ಯಾಳ."

"ಬೆಳ್ಳಗಾಗ್ಯಾವು," ಎಂದಳು ಅಕ್ಕ ಮತ್ತೊಮ್ಮೆ, ತನಗೇ ಎಂಬಂತೆ. ಸಭೆಯ ಬಗ್ಗೆ, ತಿದ್ದುವುದರ ಬಗ್ಗೆ ಆಮೇಲೆ ಒಂದು ಮಾತೂ ಕೇಳಲಿಲ್ಲ. ಗುಡ್ಡದ ಬಂಡೆಗಳು ಒಂದೊಂದಾಗಿ ಬಣ್ಣ ಕಳೆದುಕೊಳ್ಳುವ ತನಕ ಫೋನು ಅವಳ ಮಡಿಲಲ್ಲೇ ಇತ್ತು. ತೆರೆ ಆರಿದಾಗಲೆಲ್ಲ ಬೆರಳಿನಿಂದ ಮುಟ್ಟಿ ಮತ್ತೆ ಬೆಳಗಿಸುತ್ತಿದ್ದಳು. ಅಷ್ಟು ದೂರ ಹೊರಟ ನನ್ನ ಕೈಲೂ ಕೇಳಿಸಲು ಧೈರ್ಯ ಸಾಲದೆ ಅವಳಲ್ಲಿ ಉಳಿದ ಪ್ರಶ್ನೆ ಯಾವುದೆಂದು ನನಗೆ ಆಗ ತಿಳಿಯಿತು: ಶ್ರಾವ್ಯಳ ಕೂದಲೂ ಬೆಳ್ಳಗಾಗುವ ದಿನ ಬರುತ್ತದೆಯೇ.

ಮಾಳಿಗೆ ಇಳಿಯುವಾಗ ಹೇಳಿದಳು, "ಇನ್ನೊಂದು ಕೂಸಿನ ಮಾತು ಸದ್ಯಕ್ಕ ಬ್ಯಾಡ. ನಿಮ್ಮ ಮಾವಗ ನಾನೇ ಹೇಳ್ತೀನಿ. ಇಕಿ ದೊಡ್ಡಾಕಿ ಆಗಲಿ."

ಮರುದಿನ ಬೆಳಿಗ್ಗೆ ನಾನು ನಿಕೋಸಿಯಾದಲ್ಲಿ ಕೊಂಡಿದ್ದ ನೀಲಿ ಬಟ್ಟೆಯನ್ನು ತೆಗೆದುಕೊಂಡು, ಶ್ರಾವ್ಯಳ ಕೈ ಹಿಡಿದು ಟೇಲರ್ ಅಂಗಡಿಗೆ ಹೋದೆ. ಆತ ಟೇಪು ಹಿಡಿದು ಸೊಂಟದಿಂದ ಪಾದದ ತನಕ ಅಳೆದ. ಕೆಳಗೆ ಎಷ್ಟು ಬಿಡಲಿ ಎಂದು ಕೇಳಿದ. ಬಟ್ಟೆ ಎಷ್ಟಿದೆಯೋ ಅಷ್ಟನ್ನೂ ಒಳಗೆ ಮಡಿಕೆ ಹಿಡಿಯಿರಿ, ಕತ್ತರಿಸಬೇಡಿ ಎಂದೆ.